ಗೆರೆ ಇರುವ ಮಾತ್ರೆ

ಮಾಜಿ ಸೈನಿಕರ ಆಸ್ಪತ್ರೆಯ ಔಷಧ ವಿಭಾಗದ ಮುಖ್ಯಸ್ಥೆಗೆ ಎರಡು ಹೆಸರಿದ್ದವು. ಒಂದು ಅವಳ ಕೋಣೆಯ ಬಾಗಿಲ ಮೇಲಿನ ಹಿತ್ತಾಳೆ ಫಲಕದಲ್ಲಿತ್ತು. ಅದನ್ನು ಯಾರೂ ಓದುತ್ತಿರಲಿಲ್ಲ. ಇನ್ನೊಂದು ಮುದುಕರು ಇಟ್ಟದ್ದು: ಮದ್ದಿನಮ್ಮ. ಕಾಯಿಲೆಗೆ ಮದ್ದು ಕೊಡುವವಳು ಎಂದು ಎದುರಿಗೆ ಅರ್ಥ ಹೇಳುತ್ತಿದ್ದರು. ಬೆನ್ನ ಹಿಂದೆ ಮಾತ್ರ, ಕಿಡಿ ತಾಗಿದರೆ ಸಿಡಿಯುವ ಮದ್ದು ಎಂದು ನಗುತ್ತಿದ್ದರು. ಎರಡೂ ಅವಳ ಕಿವಿಗೆ ಬಿದ್ದಿದ್ದವು, ಎರಡಕ್ಕೂ ಅವಳ ಆಕ್ಷೇಪವಿರಲಿಲ್ಲ.

ಸಿಡಿಯುವುದಕ್ಕೆ ಕಾರಣವೂ ಇತ್ತು. ಕಿಟಕಿಯ ಆಚೆ ನಿಲ್ಲುವವರಲ್ಲಿ ಎಷ್ಟೋ ಜನ ಫಿರಂಗಿಗಳ ಪಕ್ಕದಲ್ಲಿ ಪ್ರಾಯ ಕಳೆದವರು. ಅವರಿಗೆ ಮೆಲ್ಲಗೆ ಹೇಳಿದ್ದು ಗೋಡೆಗೆ ಹೇಳಿದಂತೆ. ಊಟಕ್ಕೆ ಮುಂಚೆ, ಊಟ ಆದ ಮೇಲೆ, ಇದು ಬಿಪಿಗೆ, ಇದು ಸಕ್ಕರೆಗೆ ಎಂದು ದಿನವಿಡೀ ಕೂಗಿ ಕೂಗಿ ಅವಳ ಗಂಟಲಿಗೆ ಅದೇ ಅಳತೆ ಅಂಟಿಕೊಂಡುಬಿಟ್ಟಿತ್ತು. ಮನೆಯಲ್ಲಿ ಉಪ್ಪು ಕೊಡಿ ಎಂದರೆ ಪಕ್ಕದ ಮನೆಯವರೂ ಉಪ್ಪಿನ ಡಬ್ಬಿಗೆ ಕೈ ಹಾಕಬೇಕು. ಗಂಡ ಶಾಲೆಯಲ್ಲಿ ಚಿತ್ರಕಲೆ ಕಲಿಸುವವನು, ಸ್ವಭಾವದಲ್ಲಿ ಹಸು; ನಕ್ಕು ಸುಮ್ಮನಾಗುತ್ತಿದ್ದ. ಅತ್ತೆ ಸುಮ್ಮನಾಗುವ ಪೈಕಿಯಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಗೊಣಗುತ್ತಿದ್ದರು. ಹಾಗೆ ಗೊಣಗುತ್ತಲೇ ಸೊಸೆ ಅಂಗೈಗೆ ಹಾಕಿದ ಮಾತ್ರೆಯನ್ನು ಮಗುವಿನ ಹಾಗೆ ನುಂಗುತ್ತಿದ್ದರು.

ಅವಳು ಇಲ್ಲಿಗೆ ಬಂದದ್ದು ಹೆರಿಗೆ ರಜೆಗೆ ಹೋದ ಒಬ್ಬಳ ಜಾಗಕ್ಕೆ, ನಾಲ್ಕು ತಿಂಗಳ ಮಟ್ಟಿಗೆ. ಆಮೇಲೆ ತನ್ನದೇ ಒಂದು ಔಷಧದಂಗಡಿ ಇಡಬೇಕೆಂಬ ಆಸೆಯಿತ್ತು. ಆ ಮಗು ದೊಡ್ಡದಾಗಿ ಮದುವೆಯಾಗಿ ಅದಕ್ಕೂ ಮಗುವಾಯಿತು, ಇವಳು ಇಲ್ಲೇ ಇದ್ದಾಳೆ. ಯಾಕೆ ಹೋಗಲಿಲ್ಲ ಎಂದು ಕೇಳಿದರೆ, ಈ ಮುದುಕರನ್ನು ಪಳಗಿಸುವ ಕೆಲಸ ಮುಗಿದಿಲ್ಲವಲ್ಲ ಎನ್ನುತ್ತಿದ್ದಳು.

ಪಳಗಿದವರು ಯಾರು ಎಂಬುದು ಬೇರೆ ಮಾತು. ಮುಖ್ಯಸ್ಥೆಯಾದ ಹೊಸತರಲ್ಲಿ ಟೋಕನ್ ಕೊಡುವ ಯಂತ್ರ ತರಿಸಿದಳು. ಮೊದಲು ಬಂದವರಿಗೆ ಮೊದಲು. ಮುದುಕರು ಶಿಸ್ತಾಗಿ ಟೋಕನ್ ತೆಗೆದುಕೊಂಡರು, ಕುರ್ಚಿಗಳ ಮೇಲೆ ಕೂತರು, ಆಮೇಲೆ ಗುಟ್ಟಾಗಿ ಒಬ್ಬರಿಗೊಬ್ಬರು ಟೋಕನ್ ಬದಲಾಯಿಸಿಕೊಂಡರು. ಅರ್ಧ ಗಂಟೆಯೊಳಗೆ ಮೇಜರ್ ಮೊದಲು, ಸಿಪಾಯಿ ಕೊನೆಗೆ ಎಂದು ಸಾಲು ದರ್ಜೆಯ ಪ್ರಕಾರ ತಾನಾಗಿ ಜೋಡಣೆಯಾಗಿತ್ತು. ಅವಳು ಬೈದಳು, ಬೋರ್ಡು ಬರೆಸಿದಳು, ಕಿಟಕಿ ಮುಚ್ಚುವುದಾಗಿ ಹೆದರಿಸಿದಳು. ಅವರು ಎಲ್ಲಕ್ಕೂ ಹೂಂ ಎಂದು, ಮರುದಿನ ಮತ್ತೆ ಅದನ್ನೇ ಮಾಡಿದರು. ನಾಯಿ ಬಾಲ ಡೊಂಕು ಎಂದು ಕೊನೆಗೆ ಅವಳೇ ಕೈಬಿಟ್ಟಳು.

ಇನ್ನೊಂದು ರೋಗಕ್ಕೆ ಮಾತ್ರ ಅವಳು ಮದ್ದು ಕಂಡುಹಿಡಿದಿದ್ದಳು. ಈ ಮಂದಿಯನ್ನು ಹೇಗಿದ್ದೀರಿ ಎಂದು ಕೇಳಿ ಪ್ರಯೋಜನವಿಲ್ಲ. ಎಲ್ಲ ಸರಿ ಇದೆ ಎಂದು ವರದಿ ಒಪ್ಪಿಸುವುದು ಅವರ ರಕ್ತದಲ್ಲೇ ಬೆರೆತಿದೆ. ಪಾದ ಊದಿ ಚಪ್ಪಲಿಯ ಪಟ್ಟಿ ಕತ್ತರಿಸಿಕೊಂಡು ಬಂದವನೂ ಎಲ್ಲ ಸರಿ ಇದೆ ಎನ್ನುತ್ತಾನೆ. ಹಾಗಾಗಿ ಅವಳು ಎರಡನೇ ಕಿಟಕಿಯ ಪಕ್ಕ ಒಂದು ಬೆಂಚು ಹಾಕಿಸಿ ಹೆಂಡಂದಿರನ್ನು ಅಲ್ಲಿ ಕೂರಿಸಿದಳು. ಗಂಡ ಕಿಟಕಿಯಲ್ಲಿ ಎದೆಯುಬ್ಬಿಸಿ ನಿಂತಿರುವಾಗ ಇತ್ತ ಬೆಂಚಿನಲ್ಲಿ ಅವನ ಕೆಮ್ಮು, ತಲೆಸುತ್ತು, ಕದ್ದು ತಿಂದ ಸಿಹಿ ಎಲ್ಲವೂ ಹೊರಬೀಳುತ್ತಿದ್ದವು.

ತೊಂದರೆ ಇದ್ದದ್ದು ಹೆಂಡತಿ ಇಲ್ಲದವರದ್ದು. ಡ್ರೈವರಜ್ಜ ಅಂಥವನು. ಸೈನ್ಯದ ಲಾರಿ ಓಡಿಸಿದವನು, ಗಿಡ್ಡ ಆಳು, ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಹೃದಯ ದುರ್ಬಲವಾಗಿದೆ ಎಂದು ಒಂದು ಬಿಳಿ ಮಾತ್ರೆ ನಡೆಯುತ್ತಿತ್ತು. ಇತ್ತೀಚೆಗೆ ಅವನ ಕಾಲು ಊದತೊಡಗಿತು, ನಾಲ್ಕು ಮೆಟ್ಟಿಲಿಗೆ ಏದುಸಿರು. ಡಾಕ್ಟರು ಪ್ರಮಾಣ ಹೆಚ್ಚಿಸಿದರು, ಗುಣ ಕಾಣಲಿಲ್ಲ. ಮತ್ತೆ ಹೆಚ್ಚಿಸಿದರು. ಈ ಸಲ ಹೆಚ್ಚು ಶಕ್ತಿಯ ಬೇರೆ ಮಾತ್ರೆ, ಪುಟ್ಟದು, ಗುಂಡಗಿನದು. ಅಜ್ಜ ಅದನ್ನು ತೆಗೆದುಕೊಂಡು ಹೋದವನು ಮಧ್ಯಾಹ್ನವೇ ವಾಪಸ್ಸು ಬಂದ.

ಇದು ಬೇಡ, ನಡುವೆ ಗೆರೆ ಇರುವ ಹಳೆಯ ಮಾತ್ರೆಯನ್ನೇ ಕೊಡಿ ಎಂದು ಅವನು ಕಿಟಕಿಯಲ್ಲಿ ಕೇಳುತ್ತಿದ್ದುದು ಒಳಗೆ ಫ್ರಿಜ್ಜಿನ ಇನ್ಸುಲಿನ್ ನೋಡುತ್ತಿದ್ದ ಮದ್ದಿನಮ್ಮನಿಗೆ ಕೇಳಿಸಿತು. ಅವಳ ಕಿವಿ ನೆಟ್ಟಗಾಯಿತು. ಮಾತ್ರೆಯ ನಡುವಿನ ಗೆರೆ ಇರುವುದು ಅದನ್ನು ಸರಿಯಾಗಿ ಎರಡು ಹೋಳು ಮಾಡಲಿಕ್ಕೆ. ಅಜ್ಜನಿಗೆ ಬರೆದುಕೊಟ್ಟದ್ದು ದಿನಕ್ಕೆ ಇಡೀ ಮಾತ್ರೆ.

ಅವನನ್ನು ಒಳಗೆ ಕರೆದು, ಖಾಕಿ ಡಬ್ಬಗಳ ರಾಶಿಯ ನಡುವೆ ಇದ್ದ ಒಂದೇ ಸ್ಟೂಲಿನ ಮೇಲೆ ಕೂರಿಸಿ ಬಾಗಿಲು ಹಾಕಿದಳು. ಕೂಡಿಡುವ ಚಟ ಇರಬೇಕೆಂದು ಅವಳ ಊಹೆ. ಕಷ್ಟಕಾಲಕ್ಕಿರಲಿ ಎಂದು ಅರ್ಧ ನುಂಗಿ ಅರ್ಧ ಟ್ರಂಕಿನಲ್ಲಿಡುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಅಂಥವರು ಬೇರೆಯವರ ಹೆಸರಿನಲ್ಲೂ ಒಯ್ದು ಕೂಡಿಡಬಾರದೆಂದೇ, ಔಷಧ ಬೇಕಾದವರು ತಾವೇ ಬಂದು ಮುಖ ತೋರಿಸಬೇಕು, ಇನ್ನೊಬ್ಬರ ಕೈಗೆ ಕೊಡುವುದಿಲ್ಲ ಎಂಬ ನಿಯಮವನ್ನು ಅವಳೇ ಮಾಡಿದ್ದಳು.

"ಇಡೀ ಮಾತ್ರೆ ನುಂಗೋರಿಗೆ ಗೆರೆ ಯಾಕೆ ಬೇಕು ಯಜಮಾನ್ರೇ?"

ಅಜ್ಜ ಎದ್ದು ನಿಂತ. ಎಲ್ಲ ಸರಿ ಇದೆ ಎಂದ. ಅವಳು ಕೂರಿ ಎಂದಳು. ಕೂಡಿಡುತ್ತಿದ್ದೀರಾ ಎಂದದ್ದಕ್ಕೆ ಇಲ್ಲ ಎಂದ. ಮತ್ತೆ ಕೆದಕಿದಾಗ ನೆಲ ನೋಡುತ್ತ, "ಅದನ್ನ ಹೇಳೋ ಹಾಗಿಲ್ಲ ಅಮ್ಮ. ಆರ್ಡರ್ ಆಗಿದೆ" ಎಂದ.

ನಿವೃತ್ತಿಯಾಗಿ ಕೂದಲು ಹಣ್ಣಾದ ಡ್ರೈವರನಿಗೆ ಆರ್ಡರ್ ಕೊಡುವವರು ಯಾರಿದ್ದಾರೆ? ಒಬ್ಬರೇ. ದಾರಿ ಸಾಹೇಬರು. ಲಾರಿಗಳ ಸಾಲು ಹೊರಟಾಗ ಎಲ್ಲಕ್ಕಿಂತ ಮುಂದಿನ ಗಾಡಿಯಲ್ಲಿ, ಈ ಡ್ರೈವರನ ಪಕ್ಕದಲ್ಲಿ ತೊಡೆಯ ಮೇಲೆ ನಕ್ಷೆ ಹರಡಿಕೊಂಡು ಕೂರುತ್ತಿದ್ದವರು. ಕತ್ತಲಾಗಲಿ ಮಂಜಾಗಲಿ, ಒಂದು ದಿನವೂ ದಾರಿ ತಪ್ಪಿಸಿದವರಲ್ಲ ಎಂದು ಮುದುಕರೆಲ್ಲ ಹೇಳುತ್ತಿದ್ದರು. ಎತ್ತರದ ಮನುಷ್ಯ, ಮದುವೆಯಾಗದವರು. ಅವರದೂ ದುರ್ಬಲ ಹೃದಯ, ಅವರಿಗೂ ಅದೇ ಬಿಳಿ ಮಾತ್ರೆ. ಕೆಲವು ತಿಂಗಳಿಂದ ಅವರ ಸುಳಿವಿಲ್ಲ. ತಂಗಿಯ ಮಗಳ ಊರಿಗೆ ಹೋದರಂತೆ ಎಂದು ಕೇಳಿದ್ದಳು. ಹಾಗೆಂದು ಹೇಳಿದವನು ಈ ಡ್ರೈವರಜ್ಜನೇ ಎಂಬುದು ಅವಳಿಗೆ ಈಗ ನೆನಪಾಯಿತು.

"ಸಾಹೇಬ್ರು ಊರಲ್ಲೇ ಇದ್ದಾರಾ?" ಎಂದಳು. ಅಜ್ಜನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಒಂದೇ ಏಟಿಗೆ ಎಲ್ಲವೂ ಹೊರಬಂತು.

ಸಾಹೇಬರು ಒಂದು ದಿನ ಇದೇ ಕಿಟಕಿಯಿಂದ ಮಾತ್ರೆ ತೆಗೆದುಕೊಂಡು ಹೊರಟವರು ಮನೆ ಸೇರಲಿಲ್ಲ. ಮನೆ ಇದ್ದದ್ದು ಕೂಗಳತೆಯಲ್ಲಿ. ಅಜ್ಜ ಹುಡುಕಿಕೊಂಡು ಹೋದಾಗ ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ಔಷಧದ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಂತೆ. ದಾರಿ ಮರೆತಿತ್ತು. ಮನೆಗೆ ಕರೆತಂದ ಮೇಲೆ ಬಾಗಿಲು ಹಾಕಿ, ಇದನ್ನು ಯಾರಿಗೂ ಹೇಳಕೂಡದು ಎಂದು ಆರ್ಡರ್ ಮಾಡಿದರು. ಹೇಳಿದರೆ ಆಸ್ಪತ್ರೆಯ ಮೇಲಿನ ಮಹಡಿಯ ಮರೆವಿನ ವಾರ್ಡಿಗೆ ಹಾಕುತ್ತಾರೆ. ಆ ವಾರ್ಡಿನ ಬಾಗಿಲಿಗೆ ಚಿಲಕ ಇರುವುದು ಹೊರಗಡೆಯಿಂದ. ಅಂದಿನಿಂದ ಸಾಹೇಬರು ಹೊಸ್ತಿಲು ದಾಟಿಲ್ಲ. ತಾವೇ ಬಾರದೆ ಮಾತ್ರೆ ಸಿಗುವುದಿಲ್ಲ. ಹಾಗಾಗಿ ಅಜ್ಜ ತನ್ನದನ್ನು ಗೆರೆಗೆ ಸರಿಯಾಗಿ ಮುರಿದು ಅರ್ಧ ಅವರಿಗೆ ಕೊಡುತ್ತಿದ್ದ.

"ಒಂದೇ ತಟ್ಟೇಲಿ ಉಂಡೋರು ನಾವು. ಮಾತ್ರೆ ಹಂಚ್ಕೊಂಡ್ರೆ ತಪ್ಪೇನಮ್ಮ?"

ಮದ್ದು ಸಿಡಿಯಿತು. "ಒಂದು ಊಟಾನ ಇಬ್ರು ಹಂಚ್ಕೊಂಡ್ರೆ ಇಬ್ರಿಗೂ ಅರ್ಧ ಹೊಟ್ಟೆ ತುಂಬುತ್ತೆ. ಒಂದು ಮಾತ್ರೇನ ಇಬ್ರು ಹಂಚ್ಕೊಂಡ್ರೆ ಇಬ್ರೂ ಖಾಲಿ ಹೊಟ್ಟೆ, ಗೊತ್ತಾಯ್ತಾ?" ಇನ್ನೂ ಏನೇನೋ ಬೈದಳು. ಈ ಹೊಸ ಮಾತ್ರೆ ನಿಮ್ಮ ಅರ್ಧಕ್ಕೆ ಒಗ್ಗಿದ ದೇಹಕ್ಕೆ ಏಕಾಏಕಿ ಬಿದ್ದಿದ್ದರೆ ನಾಡಿ ಇಳಿದು ನಡುರಸ್ತೆಯಲ್ಲಿ ಕುಸಿಯುತ್ತಿದ್ದಿರಿ ಎಂದಳು. ಹೊರಗಿನ ಕುರ್ಚಿಗಳವರೆಗೂ ಕೇಳಿಸಿತು. ಬೈದು ಮುಗಿದ ಮೇಲೆ ಅವಳಿಗೆ ಒಂದು ಮಾತು ಹೊಳೆಯಿತು. ನಿಯಮ ಅವಳದು, ಅದರ ಬಿಸಿ ತಟ್ಟಿದ್ದು ಇವರಿಗೆ.

ಆ ದಿನ ಮನೆಯಲ್ಲಿ ಅವಳ ಸದ್ದೇ ಇಲ್ಲದ್ದು ಕಂಡು ಅತ್ತೆ ಹಣೆ ಮುಟ್ಟಿ ನೋಡಿದರು. ಅತ್ತ ದರಿ, ಇತ್ತ ಪುಲಿ. ಡಾಕ್ಟರಿಗೆ ಹೇಳಿದರೆ ಸಾಹೇಬರು ಮೇಲಿನ ಮಹಡಿ ಸೇರುತ್ತಾರೆ. ಹೇಳದಿದ್ದರೆ ಇಬ್ಬರ ಹೃದಯಗಳೂ ಒಟ್ಟಿಗೇ ಕೈಕೊಡುತ್ತವೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಏನೇನೋ ಯೋಚಿಸಿದಳು. ಗಂಡ ಪೆನ್ಸಿಲ್ ಕೆತ್ತುತ್ತ, "ಮೊದಲು ಹೋಗಿ ಅವರ ಮುಖ ನೋಡು" ಎಂದ. ಅಪರೂಪಕ್ಕೆ ಗಂಡನ ಮಾತು ಕೇಳಿದಳು.

ಮರುದಿನ ಡ್ರೈವರಜ್ಜನ ಜೊತೆ ಹೋದಳು. ಬಾಗಿಲು ತೆರೆದ ಸಾಹೇಬರು ಅಜ್ಜನನ್ನು ಒಮ್ಮೆ ನೋಡಿದರು. ಅಷ್ಟಕ್ಕೇ ಅವನು ಮುದುರಿಹೋದ. ಮನೆ ಕನ್ನಡಿಯ ಹಾಗಿತ್ತು. ಹಾಸಿಗೆಗೆ ಸುಕ್ಕಿಲ್ಲ, ಪಾತ್ರೆಗಳೆಲ್ಲ ಸಾಲಾಗಿ ಬೋರಲು ಹಾಕಿದ್ದವು. ಆದರೆ ಮಂಚದ ಕಾಲಿನಿಂದ ಬಚ್ಚಲಿನವರೆಗೆ, ಅಲ್ಲಿಂದ ಅಡುಗೆಮನೆಯವರೆಗೆ, ನೆಲದ ಮೇಲೆ ಉದ್ದಕ್ಕೂ ಬಿಳಿ ಪಟ್ಟಿ ಅಂಟಿಸಿತ್ತು. ನೆಲಬಾಂಬು ಹುಗಿದ ಬಯಲಿನಲ್ಲಿ ಕಾಲಿಡಬಹುದಾದ ದಾರಿಗೆ ಹೀಗೆ ಬಿಳಿ ಪಟ್ಟಿ ಕಟ್ಟುತ್ತಾರೆ ಎಂದು ಅವಳು ಮುದುಕರಿಂದಲೇ ಕೇಳಿದ್ದಳು. ಸಾಹೇಬರು ಸ್ವಂತ ಮನೆಯೊಳಗೇ ದಾರಿ ತಪ್ಪದಿರಲು ಅದನ್ನು ಅಂಟಿಸಿಕೊಂಡಿದ್ದರು.

ಅವರ ತುಟಿ ನೀಲಿಗಟ್ಟಿತ್ತು, ನಾಡಿ ತಾಳ ತಪ್ಪಿತ್ತು. ಇವತ್ತೇ ಡಾಕ್ಟರ ಹತ್ತಿರ ಬರಬೇಕು ಎಂದಳು.

"ನನ್ನ ವಿಷಯ ಅವರಿಗೆ ಹೇಳ್ತೀಯೇನಮ್ಮ?"

"ಹೇಳ್ತೀನಿ ಸಾರ್. ಮುಚ್ಚಿಟ್ಟು ಮಾತ್ರೆ ಕೊಡೋಕೆ ನನಗೆ ಬರಲ್ಲ. ಆದ್ರೆ ನಿಮ್ಮನ್ನ ಮೇಲಿನ ಮಹಡಿಗೆ ಕಳಿಸದೇ ಇರೋ ಹಾಗೆ ಜಗಳ ಆಡೋದು ನನ್ನ ಜವಾಬ್ದಾರಿ. ನನ್ನ ಜಗಳ ಕೇಳಿದ್ದೀರಲ್ಲ."

ಇಲ್ಲೇ ಕೂತು ಕೇಳಿದ್ದೇನೆ, ನಿನ್ನೆಯದೂ ಕೇಳಿಸಿತು ಎಂದರು ಸಾಹೇಬರು. ಮುಖದಲ್ಲಿ ನಗು ಸುಳಿದು ಹೋಯಿತು. ಆಮೇಲೆ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೊರಟರು. ಹೊಸ್ತಿಲಲ್ಲಿ ಅವರ ಕಾಲು ತಡೆಯಿತು. ಅವಳು ಅವಸರ ಮಾಡಲಿಲ್ಲ.

ಹೃದಯದ ಡಾಕ್ಟರು ಒಳ್ಳೆಯವರು, ಸಮಾಧಾನದವರು. ಇಬ್ಬರನ್ನೂ ಪರೀಕ್ಷೆ ಮಾಡಿ, ಇಬ್ಬರಿಗೂ ಬೇರೆ ಬೇರೆಯಾಗಿ, ಕಡಿಮೆಯಿಂದ ಶುರುಮಾಡಿ ಔಷಧ ಬರೆದರು. ಮರೆವಿನ ವಿಷಯವನ್ನು ಅವಳೇ ಹೇಳಿದಳು. ಹೇಳಿ ಸುಮ್ಮನಾಗಲಿಲ್ಲ, ಜಗಳಕ್ಕೆ ನಿಂತಳು. ತಾವೇ ಬರಬೇಕೆಂಬ ನಿಯಮವನ್ನು ಇಂದೇ ಕಿತ್ತುಹಾಕುತ್ತೇನೆ, ವಾರದ ಮಾತ್ರೆಗಳನ್ನು ಹೊತ್ತುಹೊತ್ತಿನ ಪ್ರಕಾರ ಪೊಟ್ಟಣ ಕಟ್ಟಿ ನನ್ನ ವಿಭಾಗದವರೇ ಮನೆಗೆ ಮುಟ್ಟಿಸುತ್ತಾರೆ, ಅವರು ಹೋಗದಿದ್ದರೆ ನಾನು ಹೋಗುತ್ತೇನೆ ಎಂದಳು. ಡಾಕ್ಟರು ತಾಳ್ಮೆಯಿಂದ ಕೇಳಿದರು.

"ಮಾತ್ರೆ ಸರಿ ಮೇಡಂ. ಕತ್ತಲಲ್ಲಿ ಎದ್ದು ಬೀದಿಗೆ ಹೋದ್ರೆ? ಒಲೆ ಹಚ್ಚಿ ಮರೆತ್ರೆ? ಮನೇಲಿ ಜೊತೆಗೆ ಒಬ್ಬರು ಇರಬೇಕಲ್ಲ. ಯಾರಿದ್ದಾರೆ?"

ಮದ್ದಿನಮ್ಮ ಸಾಹೇಬರ ಕಡೆ ನೋಡಿದಳು. ಸಾಹೇಬರು ಕೋಟಿನ ಗುಂಡಿಯನ್ನು ಹಾಕಿ ತೆಗೆದು ಮಾಡುತ್ತಿದ್ದರು. ಇನ್ನೇನು ಡಾಕ್ಟರು ವಾರ್ಡಿಗೆ ಫೋನ್ ಎತ್ತುತ್ತಾರೆ ಎನ್ನುವಾಗ, ಗೋಡೆಗೆ ಒರಗಿ ನಿಂತಿದ್ದ ಡ್ರೈವರಜ್ಜ ಒಂದು ಹೆಜ್ಜೆ ಮುಂದೆ ಬಂದ.

"ನಾನಿದ್ದೀನಿ ಸಾರ್. ಅಷ್ಟು ವರ್ಷ ದಾರಿ ಅವರು ಹೇಳಿದ್ರು, ಗಾಡಿ ನಾನು ಓಡಿಸಿದೆ. ಅವರು ತಿರುಗು ಅಂದ ಕಡೆ ಕಣ್ಣುಮುಚ್ಚಿ ತಿರುಗಿಸಿದ್ದಕ್ಕೆ ನಾನಿವತ್ತು ಬದುಕಿದ್ದೀನಿ. ನನ್ನದು ಒಂದು ಟ್ರಂಕು, ಒಂದು ಹಾಸಿಗೆ. ಸಂಜೆಗೇ ತಂದುಬಿಡ್ತೀನಿ."

ಡಾಕ್ಟರು ಸಾಹೇಬರ ಕಡೆ ನೋಡಿದರು, ಇದಕ್ಕೆ ನಿಮ್ಮ ಒಪ್ಪಿಗೆ ಇದೆಯೇ ಎಂದು ಕೇಳಿದರು. ಸಾಹೇಬರು ಡ್ರೈವರನ ಕಡೆ ತಿರುಗಿದರು.

"ಮನೆಗೆ ದಾರಿ ಗೊತ್ತಾ ನಿಂಗೆ?"

"ಗೊತ್ತು ಸಾರ್."

ಸಾಹೇಬರು ಎದ್ದು ಅವನ ಕಡೆ ಕೈ ಚಾಚಿದರು.

ಮದ್ದಿನಮ್ಮ ಇಬ್ಬರ ಚೀಟಿಗಳನ್ನೂ ಕಿತ್ತುಕೊಂಡು, ಔಷಧ ಕಟ್ಟಬೇಕು ಎಂದು ದಡದಡನೆ ಕೆಳಗಿಳಿದಳು. ಮೆಟ್ಟಿಲುಗಳ ನಡುವೆ ನಿಂತು ಜೋರಾಗಿ ಅತ್ತಳು, ಅವಳಿಗೆ ಬೇರೆ ಅಳತೆ ಗೊತ್ತಿರಲಿಲ್ಲ. ಮುಖ ಒರೆಸಿಕೊಂಡು ಒಳಗೆ ಹೋಗಿ ಎರಡು ಪೊಟ್ಟಣ ಕಟ್ಟಿ, ಎರಡನ್ನೂ ಡ್ರೈವರಜ್ಜನ ಕೈಗೇ ಕೊಟ್ಟಳು.