ಅಕ್ಕನ ಫೈಲುಗಳಿಗೆ ಒಂದು ಡಬ್ಬಿ

1989ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ಕ್ಲಾಸು ಮುಗಿದಿತ್ತು, ಹತ್ತಕ್ಕೆ ಹೋಗಲಿಲ್ಲ. ಅಕ್ಕ ವಿಲ್ಸನ್ ಗಾರ್ಡನ್ನಿನ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ಹಿಂದೆಯೇ ನಾನೂ ಹೋದೆ. ಅವಳು ಅಕ್ಷರದ ಕಡೆ, ನಾನು ಯಂತ್ರದ ಕಡೆ. ಬನಶಂಕರಿ ಎರಡನೇ ಹಂತದಲ್ಲಿ ನಮ್ಮದೇ ಅಂಗಡಿ ಹಾಕಿದ ಮೇಲೂ ಅದೇ ಪಾಲು ನಡೆಯಿತು. ಮದುವೆ, ನಾಮಕರಣ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಯಾವ ಕಾರ್ಡಾದರೂ ಅವಳು ಕಂಪ್ಯೂಟರಿನಲ್ಲಿ ಜೋಡಿಸುತ್ತಿದ್ದಳು, ನಾನು ಅಚ್ಚು ಹಾಕುತ್ತಿದ್ದೆ. ಯಾರ ಶಿಫಾರಸೂ ಇಲ್ಲದೆ ಕಟ್ಟಿದ ಅಂಗಡಿ ಅದು. ಹಾಗೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅಕ್ಕ ಮದುವೆಯಾಗಲಿಲ್ಲ, ನಮ್ಮ ಮನೆಯಲ್ಲೇ ಇದ್ದಳು. ಈ ಬೇಸಿಗೆಯಲ್ಲಿ ತೀರಿಕೊಂಡಳು. ಅವಳ ಹನ್ನೊಂದನೇ ದಿನದ ಕಾರ್ಡನ್ನು ನಾನೇ ಜೋಡಿಸಿ ನಾನೇ ಅಚ್ಚು ಹಾಕಿದೆ. ಒಣಗಲು ಬಿಟ್ಟು ಹೊರಗೆ ಹೋಗಿ ಟೀ ಕುಡಿದು ಬಂದೆ. ಟೀ ಬಿಸಿ ಇತ್ತು ಎಂಬುದು ನೆನಪಿದೆ, ಬೇರೇನೂ ಇಲ್ಲ.

ಆಮೇಲೆ ಅವಳ ಕಂಪ್ಯೂಟರು ಸದ್ದು ಮಾಡತೊಡಗಿತು. ಒಳಗೆ ಯಾರೋ ಲೊಚಗುಟ್ಟಿದ ಹಾಗೆ. ಫೈಲು ತೆರೆಯಲು ಕೊಟ್ಟರೆ ಒಂದು ಸಲ ತೆರೆಯುತ್ತಿತ್ತು, ಇನ್ನೊಂದು ಸಲ ಇಲ್ಲ. ಇಪ್ಪತ್ತು ವರ್ಷದ ಕಾರ್ಡುಗಳೆಲ್ಲ ಅದರಲ್ಲೇ ಇದ್ದವು. ಅಕ್ಕ ಫೋಲ್ಡರುಗಳಿಗೆ ಗಿರಾಕಿಗಳ ಹೆಸರು ಇಡುತ್ತಿರಲಿಲ್ಲ. ‘ಮೂಗುತಿ ಅಜ್ಜಿ’, ‘ಗೊಟ್ಟಿಗೆರೆ ಎಮ್ಮೆ ಮನೆ’, ‘ಚೌಕಾಸಿ ಮಾವ’, ‘ನಗದೇ ಇರೋ ಮೇಷ್ಟ್ರು’, ಹೀಗೆ. ಒಂದೊಂದರೊಳಗೂ ಒಂದು ಮನೆತನ. ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ಅವಳು ಒಮ್ಮೆ ಕೇಳಿ ಕೂರಿಸಿದರೆ ಮುಗಿಯಿತು. ಚಿಕ್ಕಪ್ಪನ ಹೆಸರು ಒಂದು ಸಾಲು ಕೆಳಗೆ ಬಂತೆಂದು ಛತ್ರದಲ್ಲಿ ಎಲೆ ಬಿಟ್ಟು ಎದ್ದುಹೋಗುವ ಜನ ನಮ್ಮವರು. ಮೊದಲ ಮಗನ ಮದುವೆಯ ಕಾರ್ಡಿಗೆ ಬಂದವರು ಎರಡನೆಯವನದಕ್ಕೂ ಬಂದು, ‘ಅಕ್ಕ ಮಾಡಿದ್ರಲ್ಲ, ಹಾಗೇ ಇರ್ಲಿ’ ಎನ್ನುತ್ತಿದ್ದರು. ಆ ಡಿಸ್ಕು ಸತ್ತರೆ ಅಕ್ಕ ಮಾಡಿದ್ದು ಏನೆಂದು ತೋರಿಸಲು ನನ್ನ ಹತ್ತಿರ ಏನೂ ಇರುವುದಿಲ್ಲ. ಅದೊಂದು ಮಾತ್ರ ಆ ದಿನಗಳಲ್ಲಿ ನನಗೆ ಸ್ಪಷ್ಟವಾಗಿ ಗೊತ್ತಿತ್ತು.

ಮಗಳು ಬಿ.ಕಾಂ. ಓದುತ್ತಿದ್ದಾಳೆ. ಅವಳಿಗೆ ಹೇಳಿದೆ.

“ಅದಕ್ಯಾಕಪ್ಪ ತಲೆ ಕೆಡಿಸ್ಕೊಳ್ತೀಯ? ತಿಂಗಳಿಗೆ ಇಷ್ಟು ಅಂತ ಕಟ್ಟಿ ಆನ್‌ಲೈನ್‌ನಲ್ಲಿ ಇಟ್ಬಿಡು.”

“ಯಾರದೋ ಜಾಗದಲ್ಲಿ ನಾನ್ಯಾಕೆ ಬಾಡಿಗೆಗೆ ಇಡ್ಲಿ? ನನ್ನ ಸಾಮಾನು ನನ್ನ ಅಂಗಡೀಲಿರ್ಬೇಕು.”

“ಸರಿ ಬಿಡು, ಹಾಗಾದ್ರೆ ದೊಡ್ಡ ಡಬ್ಬಿನೇ ತಗೋ. ನಿನ್ ಜಂಬನೂ ಅದ್ರಲ್ಲೇ ಹಿಡಿಸ್ಬೇಕಲ್ಲ,” ಎಂದಳು.

ಜಯನಗರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವವನೊಬ್ಬ ನನಗೆ ಹಳೆಯ ಪರಿಚಯ. ಅವನ ಅಂಗಡಿಯ ಬೋರ್ಡು, ಬಿಲ್‌ಬುಕ್ಕು ನಾವೇ ಮಾಡಿಕೊಟ್ಟದ್ದು. ಅವನು ಕೌಂಟರಿನ ಮೇಲೆ ಮೂರು ಪೆಟ್ಟಿಗೆ ಸಾಲಾಗಿ ಇಟ್ಟ.

“ಅಣ್ಣ, ಇದಕ್ಕೆ ನ್ಯಾಸ್ ಅಂತಾರೆ. ಅಂಗಡಿಗೆಲ್ಲ ಒಂದೇ ಬೀರು ಅನ್ಕೊಳ್ಳಿ. ರೂಟರ್‌ಗೆ ಒಂದು ವೈರ್ ಕೊಟ್ಟು ಮೂಲೇಲಿಟ್ರೆ ಆಯ್ತು. ಯಾವ ಕಂಪ್ಯೂಟರ್‌ನಿಂದ ಬೇಕಾದ್ರೂ ಬಾಗಿಲು ತೆಗೀಬಹುದು.”

ಮೊದಲನೆಯದರಲ್ಲಿ ಒಂದೇ ಡಿಸ್ಕು, ಪುಸ್ತಕದಷ್ಟು ತೆಳ್ಳಗೆ. ಎರಡನೆಯದು ಎರಡು ಡಿಸ್ಕಿನದು, ಒಂದು ಸೇರು ಅಕ್ಕಿ ಹಿಡಿಯುವ ಡಬ್ಬಿಯಷ್ಟು. ಮೂರನೆಯದಕ್ಕೆ ನಾಲ್ಕು.

“ನಾಲ್ಕರದ್ದು ತಗೊಳ್ಳಿ ಅಣ್ಣ. ಮುಂದೆ ಬಿಸಿನೆಸ್ ಬೆಳೆಯುತ್ತಲ್ಲ.”

“ಬೆಳೆಯಲ್ಲ,” ಎಂದೆ.

ಅವನು ನನ್ನ ಮುಖ ನೋಡಿ ಮೂರನೆಯದನ್ನು ಕೆಳಗಿಟ್ಟ. ಒಂದೇ ಡಿಸ್ಕಿನದ್ದನ್ನು ನಾನೇ ಪಕ್ಕಕ್ಕೆ ಸರಿಸಿದೆ. ಒಂದೇ ಇದ್ದದ್ದು ಕೈಕೊಟ್ಟಿದ್ದಕ್ಕೇ ತಾನೆ ನಾನು ಅಲ್ಲಿಗೆ ಹೋಗಿದ್ದು. ಉಳಿದದ್ದು ನಡುವಿನದು. ಎತ್ತಿ ನೋಡಿದೆ. ಹಗುರವಿತ್ತು. ಸದ್ದು ಮಾಡುತ್ತಾ ಎಂದು ಕೇಳಿದೆ. ಕಿವಿಯಿಟ್ಟರೆ ಫ್ಯಾನಿನ ಗುಂಯ್ ಅನ್ನೋದು ಕೇಳುತ್ತೆ, ಅಷ್ಟೇ ಎಂದ.

“ಇದನ್ನ ಎರಡು ಥರ ಸೆಟ್ ಮಾಡಬಹುದು. ಎರಡನ್ನೂ ಸೇರಿಸಿ ಒಂದು ಮಾಡಿದ್ರೆ ಜಾಗ ಡಬಲ್. ಆದ್ರೆ ಒಂದು ಡಿಸ್ಕ್ ಕೆಟ್ರೆ ಎಲ್ಲಾ ಹೋಯ್ತು. ಇಲ್ಲ, ಒಂದರಲ್ಲಿ ಇರೋದೇ ಇನ್ನೊಂದರಲ್ಲೂ ಇರೋ ಹಾಗೆ ಮಾಡಬಹುದು. ಜಾಗ ಅರ್ಧ, ಆದ್ರೆ ಒಂದು ಹೋದ್ರೂ ಇನ್ನೊಂದು ಉಳಿಯುತ್ತೆ.”

“ಎರಡನೇದು ಮಾಡು.”

“ಮಾಡ್ತೀನಿ. ಒಂದು ವಿಷ್ಯ ಮಾತ್ರ ತಿಳ್ಕೊಳ್ಳಿ. ಡಿಸ್ಕ್ ಕೆಟ್ರೆ ಇದು ಕಾಪಾಡುತ್ತೆ. ನೀವು ಕೆಡಿಸಿದ್ರೆ ಕಾಪಾಡಲ್ಲ. ಒಂದರಲ್ಲಿ ಅಳಿಸಿದ್ರೆ ಎರಡರಲ್ಲೂ ಅಳಿಯುತ್ತೆ. ಅದಕ್ಕೆ ಇನ್ನೊಂದು ಬೇರೆ ಡಿಸ್ಕ್ ತಗೊಂಡು, ವಾರಕ್ಕೊಂದ್ಸಲ ಕಾಪಿ ಹಾಕಿ ಮನೇಲಿಡಿ.”

ಎರಡಿರುವಾಗ ಮೂರನೆಯದು ಯಾಕೆ ಎಂದೆ. ವ್ಯಾಪಾರಕ್ಕೆ ಹೇಳುತ್ತಿದ್ದಾನೆ ಎಂದುಕೊಂಡೆ. ಅವನು ಒತ್ತಾಯ ಮಾಡಲಿಲ್ಲ. ಅಂಗಡಿಗೆ ಬಂದು ವೈರು ಜೋಡಿಸಿಕೊಟ್ಟು ಹೋದ. ಫೈಲುಗಳನ್ನು ತುಂಬುವ ಕೆಲಸ ನಾನೇ ಮಾಡುತ್ತೇನೆಂದು ಹೇಳಿದ್ದೆ.

ಮೊದಲು ನನ್ನ ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ, ಅಚ್ಚಿಗೆಂದು ಅಕ್ಕನಿಂದ ತೆಗೆದುಕೊಂಡಿದ್ದ ಈಚಿನ ಕೆಲವು ಪ್ರತಿಗಳನ್ನೂ ಸೇರಿಸಿ, ಡಬ್ಬಿಗೆ ಹಾಕಿದೆ. ಆಮೇಲೆ ಅಕ್ಕನದ್ದಕ್ಕೆ ಕೈ ಹಾಕಿದೆ. ಲೊಚಗುಟ್ಟುತ್ತಲೇ ಒಂದೊಂದಾಗಿ ಬಂದವು. ನಡುವೆ ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಇದೇ ಹೆಸರಿನ ಫೈಲುಗಳು ಆಗಲೇ ಅಲ್ಲಿವೆ, ಅವುಗಳ ಜಾಗದಲ್ಲಿ ಇವನ್ನು ಹಾಕಬೇಕೇ ಎಂದು. ನಮ್ಮ ಅಂಗಡಿಯಲ್ಲಿ ಇದಕ್ಕೆ ಹಿಂದಿನಿಂದಲೂ ಒಂದೇ ಉತ್ತರ. ಒಂದೇ ಕಾರ್ಡಿನ ಎರಡು ಪ್ರತಿ ಬೇರೆ ಬೇರೆಯಾಗಿ ಕಂಡರೆ ಅಕ್ಕನದೇ ಸರಿ, ನನ್ನದು ಕಸದ ಬುಟ್ಟಿಗೆ. ಅದರಿಂದ ಎಂದೂ ನಷ್ಟವಾಗಿರಲಿಲ್ಲ. ನಾನು ಯೋಚಿಸಲಿಲ್ಲ. ಎಲ್ಲದಕ್ಕೂ ಹೌದು ಎಂದು ಒತ್ತಿದೆ. ಸಂಜೆಯ ಹೊತ್ತಿಗೆ ಎಲ್ಲ ಬಂದಿತ್ತು. ಅಕ್ಕನ ಕಂಪ್ಯೂಟರನ್ನು ಆರಿಸಿದೆ. ಮಾರನೇ ದಿನ ಅದು ಶುರುವಾಗಲಿಲ್ಲ.

ಆಯುಧಪೂಜೆ ಹತ್ತಿರ ಬಂದಿತ್ತು. ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಆದರೆ ಅಂಗಡಿಯ ಪೂಜೆ ನಿಲ್ಲಿಸುವ ಹಾಗಿಲ್ಲ. ಅಪ್ಪ ತೀರಿಕೊಂಡ ವರ್ಷ, ಯಂತ್ರಕ್ಕೆ ಸೂತಕ ಇಲ್ಲ ಎಂದು ಹೇಳಿ ಪೂಜೆ ಮಾಡಿಸಿದವಳು ಅಕ್ಕನೇ. ಪ್ರತಿ ವರ್ಷ ಗಿರಾಕಿಗಳಿಗೆ ನಾವೊಂದು ಸಣ್ಣ ಕಾರ್ಡು ಹಂಚುತ್ತೇವೆ. ಅದರಲ್ಲಿ ತಾರೀಕು ಇರುವುದಿಲ್ಲ, ‘ಆಯುಧಪೂಜೆಯಂದು’ ಎಂದಷ್ಟೇ. ಕೆಳಗೆ, ತಮ್ಮ ಆಗಮನ ಬಯಸುವವರು ಎಂದು ಎರಡು ಹೆಸರಿರುತ್ತವೆ, ಅಕ್ಕನದು ಮೊದಲು. ಈ ವರ್ಷದ ಕಾರ್ಡನ್ನು ಡಬ್ಬಿ ತರುವ ಮುಂಚೆಯೇ ನನ್ನ ಕಂಪ್ಯೂಟರಿನಲ್ಲಿ ತಿದ್ದಿ ಇಟ್ಟಿದ್ದೆ. ಅವಳ ಹೆಸರು ತೆಗೆದು, ನನ್ನದನ್ನು ನಡುವಿಗೆ ತಂದಿದ್ದೆ. ತಿದ್ದಿ ಆಗಿದೆ ಎಂಬ ಧೈರ್ಯದಲ್ಲಿ ಡಬ್ಬಿಯಿಂದ ತೆಗೆದು, ಓದದೆ ಅಚ್ಚು ಹಾಕಿದೆ. ಸ್ಕೂಟರಿನಲ್ಲಿ ಬನಶಂಕರಿ, ಜೆ.ಪಿ. ನಗರ, ವಸಂತಪುರ ಎಲ್ಲ ಸುತ್ತಿ ಕೊಟ್ಟು ಬಂದೆ.

ಪೂಜೆಯ ದಿನ ಮೊದಲು ಬಂದವರು ವಸಂತಪುರದ ಹಿರಿಯರೊಬ್ಬರು. ಹಿಂದೆ ಅಲ್ಲಿ ಹೊಲವಿತ್ತು, ಈಗ ಅದೇ ಜಾಗದಲ್ಲಿ ಬಾಡಿಗೆ ಮನೆಗಳಿವೆ. ಅಕ್ಕ ‘ಚೌಕಾಸಿ ಮಾವ’ ಎಂದದ್ದು ಇವರನ್ನೇ. ಚಪ್ಪಲಿ ಬಿಟ್ಟು ಒಳಗೆ ಬಂದು, ಜೇಬಿನಿಂದ ಕಾರ್ಡು ತೆಗೆದು ನನ್ನ ಮುಂದೆ ಹಿಡಿದರು.

“ಏನಯ್ಯಾ, ಹನ್ನೊಂದನೇ ದಿನಕ್ಕೆ ಬಂದು ಊಟ ಮಾಡ್ಕೊಂಡು ಹೋದವನು ನಾನು. ಈಗ ನೋಡಿದ್ರೆ ಅವಳೇ ಕರೀತಿದ್ದಾಳೆ!”

ಕಾರ್ಡು ನೋಡಿದೆ. ಎರಡು ಹೆಸರು. ಅವಳದು ಮೊದಲು.

“ತಪ್ಪಾಗಿದೆ ಸಾರ್.”

“ತಪ್ಪೋ ಒಪ್ಪೋ ನಂಗೊತ್ತಿಲ್ಲಪ್ಪ. ನಿನ್ ಅಂಗಡೀಲಿ ಸತ್ತೋರಿಗೂ ರಜೆ ಕೊಡಲ್ಲ ನೋಡು,” ಎಂದು ನಕ್ಕರು. ನಾನು ನಗದೇ ಇದ್ದದ್ದನ್ನು ಕಂಡು ನನ್ನ ಭುಜ ತಟ್ಟಿ, ಪುರಿ ಬೂಂದಿಯ ಪೊಟ್ಟಣ ತೆಗೆದುಕೊಂಡು ಕುರ್ಚಿಯಲ್ಲಿ ಕುಳಿತರು.

ಆ ದಿನ ಎಂದಿಗಿಂತ ಹೆಚ್ಚು ಜನ ಬಂದರು. ವಿಷಯ ಗೊತ್ತಿದ್ದವರು ಕಾರ್ಡಿನ ಮಾತೆತ್ತಲಿಲ್ಲ. ಗೊತ್ತಿಲ್ಲದವರು ಅಕ್ಕನನ್ನು ಕೇಳಿದರು. ಮಗಳ ಮದುವೆ ಗೊತ್ತಾದ ಸಂತೋಷದಲ್ಲಿದ್ದ ಒಬ್ಬ ಹೆಂಗಸು ಒಳಗೆಲ್ಲ ಇಣುಕಿ, “ಅಕ್ಕ ಎಲ್ಲಿ ಅಣ್ಣ?” ಎಂದರು.

“ಇಲ್ಲ.”

“ಸಾಯಂಕಾಲ ಬರ್ತಾರಾ?”

“ಇಲ್ಲಮ್ಮ.”

ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅತ್ತರು. ನಾನು ಅವರಿಗೆ ನೀರು ಕೊಟ್ಟು, ಯಂತ್ರಕ್ಕೆ ಕುಂಬಳಕಾಯಿ ಇಳಿತೆಗೆದು, ರಸ್ತೆಯಲ್ಲಿ ಒಡೆದು ಬಂದೆ. ನನ್ನೊಳಗೆ ಏನಾದರೂ ಆಗಬಹುದೆಂದು ಕಾದೆ. ಆಗಲಿಲ್ಲ.

ಹಬ್ಬ ಕಳೆದ ಮೇಲೆ ಜಯನಗರದವನನ್ನು ಕರೆಸಿದೆ. ಡಬ್ಬಿಯಲ್ಲಿ ಹುಡುಕಿ, ಬೇಸಿಗೆಯಿಂದೀಚೆಗೆ ನಾನು ತಿದ್ದಿದ್ದೆಲ್ಲ ಅಕ್ಕನ ಹಳೆಯ ಪ್ರತಿಯ ಕೆಳಗೆ ಹೂತುಹೋಗಿದೆ ಎಂದ. ನನ್ನ ಕಂಪ್ಯೂಟರಿನಲ್ಲಿ ಅವು ಇನ್ನೂ ಇದ್ದವು, ಅಲ್ಲಿಂದ ತರಬಹುದು.

“ಅಣ್ಣ, ಈಗ ಇವನ್ನ ಹಾಕಿದ್ರೆ ಅಕ್ಕಂದು ಅಳಿಯುತ್ತೆ. ಆ ಕಡೆ ಅವರ ಮಷೀನ್ ಸತ್ತಿದೆ. ಯಾವುದನ್ನ ಇಡೋಣ?”

“ಎರಡೂ ಬೇರೆ ಬೇರೆ ಇಡು. ಅವಳದನ್ನ ಯಾರೂ ತಿದ್ದೋಕೆ ಆಗಬಾರದು. ನನಗೂ ಆಗಬಾರದು.”

“ಬೀಗ ಹಾಕ್ತೀನಿ. ನೋಡಬಹುದು, ಕಾಪಿ ತಗೋಬಹುದು, ಬದಲಾಯಿಸೋಕಾಗಲ್ಲ. ಸಾಕಾ?”

“ಸಾಕು. ಆ ಬೇರೆ ಡಿಸ್ಕೂ ಕೊಟ್ಟು ಹೋಗು.”

ಈಗ ನನ್ನ ಹತ್ತಿರ ಇರುವುದು ಒಂದು ಅಂಗಡಿ, ಒಂದು ಅಚ್ಚಿನ ಯಂತ್ರ, ನಡೆಯುವ ಕಂಪ್ಯೂಟರು ಒಂದು, ನಡೆಯದ್ದು ಒಂದು. ಒಂದು ಡಬ್ಬಿ, ಅದರೊಳಗೆ ಎರಡು ಡಿಸ್ಕು, ಮನೆಯ ಬೀರುವಿನಲ್ಲಿ ಇನ್ನೊಂದು. ಅಕ್ಕನ ಫೋಲ್ಡರುಗಳು ನಾನೂರ ಹನ್ನೆರಡು. ಅವುಗಳಲ್ಲಿ ಯಾವ ಮನೆಯದೆಂದು ನನಗೆ ಗೊತ್ತಿರುವವು ಮುನ್ನೂರ ಆರು. ಉಳಿದ ನೂರಾ ಆರು ಯಾರವೋ ಗೊತ್ತಿಲ್ಲ. ಅವೂ ಇವೆ.