ಮ್ಯಾಲಕಿಯ ಮೂವತ್ತು ಗಜದ ರ‍್ಯಾಲಿ

ಡೊನೆಗಾಲ್ ಸೀಮೆಯಲ್ಲಿ ಗೋಡೆಗೆ ಗಾರೆ ಮೆತ್ತಿ ಬದುಕಿದವರು ಬೇಕಾದಷ್ಟು ಜನ ಇದ್ದಾರೆ. ಆ ದುಡ್ಡನ್ನೆಲ್ಲ ಒಂದು ಹಳೇ ಎಸ್ಕಾರ್ಟ್ ಕಾರಿಗೆ ಸುರಿದವನು ಮಾತ್ರ ನಮ್ಮೂರಿನ ಮ್ಯಾಲಕಿ ಗಾರ್ಮ್ಲಿ ಒಬ್ಬನೇ. ಹದಿನಾಲ್ಕು ವರ್ಷ ಶೆಡ್ಡಿನಲ್ಲಿಟ್ಟು ಅದನ್ನು ರ‍್ಯಾಲಿ ಕಾರು ಮಾಡುತ್ತಲೇ ಇದ್ದ. ಜೂನ್ ತಿಂಗಳ ರ‍್ಯಾಲಿ ಪಂದ್ಯದಲ್ಲಿ ತಾನು ಓಡಿಸಬೇಕು, ಪಕ್ಕದಲ್ಲಿ ಹೆಂಡತಿ ಡಿಂಪ್ನಾ ಕೂತು ದಾರಿಯ ತಿರುವುಗಳನ್ನು ಓದಿ ಹೇಳಬೇಕು. ಒಂದೇ ಒಂದು ಸಲ ಸಾಕು. ಅಷ್ಟೇ ಅವನ ಆಸೆ.

ತಪ್ಪು ಮಾಡಿದ್ದೂ ಆ ಆಸೆಯಿಂದಲೇ. ಇಂಜಿನ್ ಕೂರಿಸುವ ಮೊದಲೇ ಇಬ್ಬರ ಹೆಸರನ್ನೂ ಹಿಂದಿನ ಗಾಜಿಗೆ ಅಂಟಿಸಿಬಿಟ್ಟ. ಕೂಸು ಹುಟ್ಟುವ ಮುಂಚೆ ಕುಲಾವಿ! ಊರಿನವರು ನಕ್ಕಿದ್ದೇ ನಕ್ಕಿದ್ದು.

ಆಮೇಲೆ ಭುಜ ಕೈಕೊಟ್ಟಿತು. ಕರಣೆ ಹಿಡಿಯಲಾರದವನ ಕಾರಿನಿಂದ ಮೊದಲು ಇಂಜಿನ್ ಮಾರಿಹೋಯಿತು, ಆಮೇಲೆ ಗೇರುಪೆಟ್ಟಿಗೆ, ಕೊನೆಗೆ ಸೀಟುಗಳು. ಉಳಿದದ್ದು ಬಣ್ಣ ಬಳಿದ ಮೈ, ಪಲ್ಟಿಯಾದರೆ ಜೀವ ಕಾಯಲೆಂದು ಒಳಗೆ ಬೆಸೆದ ಕಬ್ಬಿಣದ ಪಂಜರ, ನಾಲ್ಕು ಚಕ್ರ, ಒಂದು ಸ್ಟೇರಿಂಗ್. ತಳ್ಳಿದರೆ ಉರುಳುತ್ತದೆ. 'ಉರುಳುವ ಗೂಡು, ಕೆಲಸ ಬಾಕಿ' ಎಂದು ಬರೆದೇ ಮಾರಾಟಕ್ಕಿಟ್ಟ. ಬಂದವರೆಲ್ಲ ತಟ್ಟಿ, ಬಗ್ಗಿ ನೋಡಿ, ಚಹಾ ಕುಡಿದು ಹೋದರು. ಅವರಿಗೆ ಉತ್ತರ ಹೇಳಿ ಹೇಳಿ ಮ್ಯಾಲಕಿಗೆ ಬಾಯಿ ತೆರೆಯುವುದೇ ಬೇಡವಾಗಿತ್ತು.

ಶನಿವಾರ ಮಧ್ಯಾಹ್ನ ಪಕ್ಕದ ಟೈರೋನ್ ಸೀಮೆಯ ಲೋರ್ಕನ್ ಎಂಬವನು ಟ್ರೈಲರ್ ತಂದ. ಹೆಚ್ಚು ಚೌಕಾಸಿ ಮಾಡಲಿಲ್ಲ. ವ್ಯಾಪಾರ ಕುದುರಿತೆಂದು ಅಂಗೈಗೆ ಉಗುಳಿ ಕೈ ಕುಲುಕಿದ ಮೇಲೆ ಮಾತ್ರ ಅದೃಷ್ಟದ ಕಾಸು ಕೇಳಿದ. ಮಾರಿದವನು ಕೊಂಡವನಿಗೆ ಏನಾದರೂ ವಾಪಸ್ ಕೊಡಲೇಬೇಕು, ಇಲ್ಲದಿದ್ದರೆ ಕೊಂಡದ್ದು ಏಳಿಗೆಯಾಗುವುದಿಲ್ಲ ಎಂಬುದು ಆ ಕಡೆಯ ನಂಬಿಕೆ. ಮ್ಯಾಲಕಿಯ ಕೈ ಜೇಬಿನಲ್ಲೇ ನಿಂತಿತು. ತನಗೇ ಇಲ್ಲದ ಅದೃಷ್ಟವನ್ನು ಎಲ್ಲಿಂದ ತಂದು ಕೊಡುವುದು?

"ಕೊಡ್ತೀವಪ್ಪ, ಮೊದ್ಲು ಗಾಡಿ ಆಚೆ ಬರ್ಲಿ," ಎಂದು ಡಿಂಪ್ನಾ ಒಳಗೆ ಹೋದಳು.

ಲೋರ್ಕನ್ ಎಳೆಯುವ ಹಗ್ಗ ಬಿಚ್ಚತೊಡಗಿದ.

"ಹಗ್ಗ ಬೇಡ. ತಳ್ಳೋಣ," ಎಂದ ಮ್ಯಾಲಕಿ. "ಸ್ಟೇರಿಂಗ್ ನಾನ್ ಹಿಡೀತೀನಿ."

ಸೀಟಿಲ್ಲವಲ್ಲ, ಗಾರೆ ಬಕೆಟ್ಟನ್ನು ಬೋರಲು ಹಾಕಿ ಕೂತ. ಹದಿನಾಲ್ಕು ವರ್ಷಗಳಲ್ಲಿ ಆ ಕಾರು ಅವನನ್ನು ಹೊತ್ತು ಒಂದು ಅಡಿಯೂ ಚಲಿಸಿರಲಿಲ್ಲ. ಶೆಡ್ಡಿನಿಂದ ಗೇಟಿಗೆ ಮೂವತ್ತು ಗಜ, ನಡುವೆ ಎಣ್ಣೆ ಟ್ಯಾಂಕಿನ ಹತ್ತಿರ ಒಂದು ತಿರುವು. ಲೋರ್ಕನ್ ಹಿಂದಿನಿಂದ ತಳ್ಳಿದ. ಡಿಂಪ್ನಾ ಒಂದು ನೋಟ್‌ಬುಕ್ ಕಂಕುಳಲ್ಲಿಟ್ಟು ಬಂದು ಎಡಬಾಗಿಲಿನ ಕಂಬಕ್ಕೆ ಕೈಹಚ್ಚಿ ತಳ್ಳಿದಳು. ರ‍್ಯಾಲಿ ದಾರಿಯ ತಿರುವುಗಳನ್ನೆಲ್ಲ, ಯಾವುದು ಎಷ್ಟು ಚೂಪು ಎಂಬ ಅಂಕಿ ಸಮೇತ, ಅದರಲ್ಲಿ ಬರೆದುಕೊಂಡು, ಆಲೂಗಡ್ಡೆ ಸುಲಿಯುತ್ತ ಬಾಯಿಪಾಠ ಮಾಡಿದ್ದವಳು ಅವಳು. ನೋಟ್‌ಬುಕ್ ಬಿಚ್ಚದೆ, ಸಾಮಾನಿನ ಪಟ್ಟಿ ಓದುವ ದನಿಯಲ್ಲಿ ಹೇಳಿದಳು:

"ನೇರ ಹತ್ತು ಗಜ. ಬಲಕ್ಕೆ ನಾಕು, ಟ್ಯಾಂಕ್ ಇದೆ, ಒಳಗ್ ನುಗ್ಗಬೇಡ. ಆಮೇಲೆ ಗೇಟು. ಮುಗೀತು."

ಮ್ಯಾಲಕಿ ತಿರುಗಿಸಿದ. ಗೇಟಿನ ಬಳಿ ಕಾಲು ತಾನಾಗಿ ಬ್ರೇಕ್ ಒತ್ತಿತು. ಬ್ರೇಕ್ ಎಲ್ಲಿತ್ತು? ಲೋರ್ಕನ್ನೇ ಜಲ್ಲಿಯ ಮೇಲೆ ಕಾಲೂರಿ ಜಗ್ಗಿ ನಿಲ್ಲಿಸಿದ. ಮ್ಯಾಲಕಿ ಇಳಿಯಲಿಲ್ಲ. ಕಣ್ಣು ತುಂಬಿಕೊಂಡಿತ್ತು.

"ಸಾಕಾಗೋಯ್ತು ಕಣೇ."

"ಗೊತ್ತು. ಇಳಿ."

ಅವಳು ನೋಟ್‌ಬುಕ್ಕನ್ನು ಲೋರ್ಕನ್ ಕೈಗಿಟ್ಟಳು. ಇದೇ ಅದೃಷ್ಟದ ಕಾಸು, ಗಾಜಿನ ಮೇಲಿನ ಹೆಸರು ಕೆರೆದು ನಿನ್ನದು ಹಾಕಿಕೋ ಎಂದಳು. ಲೋರ್ಕನ್ ಪುಟ ತಿರುವಿದ, ಅಂಗಿಗೆ ಕೈ ಒರೆಸಿಕೊಂಡು ಮತ್ತೆ ತಿರುವಿದ.

"ಇಂಜಿನ್ ಕೂರ್ಸೋವರ್ಗೂ ನಾನು ಏನೂ ಅಂಟ್ಸಲ್ಲ, ಏನೂ ಕೀಳಲ್ಲ ಅಮ್ಮ," ಎಂದ.

ಕಾರು ಹೊತ್ತ ಟ್ರೈಲರ್ ಟೈರೋನ್ ರಸ್ತೆ ಹಿಡಿಯಿತು. ಹಿಂದಿನ ಗಾಜಿನಲ್ಲಿ ಇಬ್ಬರ ಹೆಸರೂ ತಿರುವಿನವರೆಗೆ ಕಾಣುತ್ತಿತ್ತು.

"ನಿನ್ ಬಕೆಟ್ ಕಾರೊಳಗೇ ಹೋಯ್ತಲ್ಲೋ," ಎಂದಳು ಡಿಂಪ್ನಾ.

"ಹೋಗ್ಲಿ ಬಿಡು," ಎಂದ ಮ್ಯಾಲಕಿ. "ಕೂರೋಕೆ ಬೇಕಾಗತ್ತೆ ಅವನಿಗೆ."