ನೂರೈವತ್ತರ ಮೀಟರ್

ನಾನು ಹುಟ್ಟಾ ಅಂಜುಬುರುಕ. ಅಂಥವನು ಎಪ್ಪತ್ತರ ದಶಕದಲ್ಲಿ ವಿಜಾಪುರದ ಸೊಲ್ಲಾಪುರ ರಸ್ತೆಯ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಆಗಿದ್ದೆನೆಂದರೆ ನನಗೇ ನಗು ಬರುತ್ತದೆ. ಅಣ್ಣ ಕಚೇರಿಯ ಗುಮಾಸ್ತ, ಆದರೆ ಜೀವವೆಲ್ಲ ಗಾಡಿಯ ಮೇಲೆ. ಪುಣೆಯಿಂದ ಹಳೆಯದೊಂದು ವಿಲಾಯತಿ ಕಾರು ತಂದಿದ್ದ. ಅದರ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಬ್ಲೋವರ್ ಇತ್ತು. ಗಾಳಿ ಹೆಚ್ಚಾದಷ್ಟೂ ಓಟ ಹೆಚ್ಚು. ಗಾಳಿಯ ಒತ್ತಡ ಹತ್ತು ಪೌಂಡು ದಾಟಿದರೆ ಮಾತ್ರ ಇಂಜಿನ್ ಒಡೆಯುವ ಭಯ.

ಹದಿನೈದು ಪೌಂಡಿನವರೆಗೆ ತೋರಿಸುವ ಸಣ್ಣ ಮೀಟರ್ ಕೂಡಿಸಿ ತಿಕೋಟಾ ಕಡೆ ಹೊರಟೆವು. ಊರು ದಾಟಿ ಅಣ್ಣ ಕಾಲು ಒತ್ತಿದ್ದೇ ತಡ, ಮುಳ್ಳು ಹದಿನೈದರ ಕೊನೆಗೆ ಬಡಿದು ನಡುಗತೊಡಗಿತು. ನಿಜ ಒಪ್ಪಲು ಅಂಜಿ, ಮೀಟರ್ ಕೆಟ್ಟಿದೆ ಎಂದುಬಿಟ್ಟೆ. ಅಣ್ಣ ನಂಬಿದ. ಗಾಳಿ ತಗ್ಗಿಸಬೇಕಾದವನು ಮೀಟರನ್ನೇ ಬದಲಿಸಿದೆ. ಟೈರಿಗೆ ಗಾಳಿ ಹೊಡೆಯುವ ಯಂತ್ರದಿಂದ ಬಿಚ್ಚಿದ್ದು, ನೂರೈವತ್ತರವರೆಗಿನದು. ಅದರಲ್ಲಿ ಐದಕ್ಕೂ ಹದಿನೈದಕ್ಕೂ ಅಂತರ ಕಾಣುವಂತಿರಲಿಲ್ಲ. ಎಷ್ಟು ಓಡಿಸಿದರೂ ಮುಳ್ಳು ಒಂಚೂರು ಎದ್ದು ತಣ್ಣಗೆ ಕೂತಿರುತ್ತಿತ್ತು. ನನಗೂ ಅದೇ ಬೇಕಿತ್ತು.

ಆ ರವಿವಾರ ಅಣ್ಣ ತನ್ನ ಹೆಂಡತಿ, ನಮ್ಮ ವೈನಿಯನ್ನೂ ಎರಡು ವರ್ಷದ ಮಗಳನ್ನೂ ಕೂರಿಸಿಕೊಂಡು ವೈನಿಯ ತವರು ಮಮದಾಪುರಕ್ಕೆ ಹೊರಟ. ಅವರು ಹೋದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸಣ್ಣ ಮೀಟರನ್ನು ಗ್ಯಾರೇಜಿನ ಹೊಸ ಮೀಟರಿನ ಜೊತೆ ಜೋಡಿಸಿ ಗಾಳಿ ಬಿಟ್ಟು ನೋಡಿದೆ. ಎರಡೂ ಹತ್ತನ್ನೇ ತೋರಿಸಿದವು; ಸಣ್ಣ ಮೀಟರ್ ಸರಿಯಾಗಿಯೇ ಇತ್ತು.

ಗ್ಯಾರೇಜಿನ ಮಾಲೀಕರ ಮೋಟರ್‌ಸೈಕಲ್ ಹತ್ತಿ ಅವರ ಹಿಂದೆಯೇ ಹೊರಟೆ. ದಾರಿಯುದ್ದಕ್ಕೂ ಹೊಗೆ ಕಂಡಲ್ಲೆಲ್ಲ, ಹೊಲದಲ್ಲಿ ಕಸ ಸುಡುವ ಹೊಗೆಯಾಗಿದ್ದರೂ, ಜೀವ ಬಾಯಿಗೆ ಬರುತ್ತಿತ್ತು. ಆ ಕೂಸನ್ನಾದರೂ ಉಳಿಸಪ್ಪಾ ಎಂದು ಗಟ್ಟಿಯಾಗಿಯೇ ಬೇಡಿಕೊಂಡೆ.

ಬಬಲೇಶ್ವರದ ಬಸ್‌ಸ್ಟ್ಯಾಂಡಿನ ಹತ್ತಿರ, ಚಹಾದಂಗಡಿಯ ಮುಂದೆ ಕಾರು ನಿಂತಿತ್ತು. ಮೂವರೂ ಸುಖವಾಗಿದ್ದರು. ಅಣ್ಣ ನನ್ನನ್ನು ಕಂಡು ಹಿಗ್ಗಿದ.

"ಹಾರ್ಕೊಂತ ಬಂದೇವಿ ನೋಡು. ನಿನ್ನ ಮೀಟರ್ ಭಾಳ ಚೊಲೊ, ಮುಳ್ಳ ಏಳೂದ ಇಲ್ಲ."

"ಏಳೂದಿಲ್ಲಂತನ ಹಾಕೇನಿ ಅಣ್ಣಾ," ಎಂದೆ. "ಸಣ್ಣ ಮೀಟರ್ ಕೆಟ್ಟಿಲ್ಲ. ನಾ ಅಂಜಿ ಸುಳ್ಳ ಹೇಳೀನಿ."

ಅಣ್ಣ ಕಾರಿನ ಕೀಲಿ ಕಿಸೆಗೆ ಹಾಕಿಕೊಂಡ. ವೈನಿಗೆ ಪೌಂಡಿನ ಲೆಕ್ಕ ತಿಳಿಯದಿದ್ದರೂ ನನ್ನ ಮುಖ ತಿಳಿಯಿತು.

"ನಮ್ಮನ್ನ ಕುಂಡರಿಸಿ ಕಳಸುವಾಗ ನಿಮಗ ಗೊತ್ತಿತ್ತೇನು?" ಎಂದು ಕೇಳಿದರು.

ಉತ್ತರಕ್ಕೆ ಕಾಯದೆ ಮಗಳನ್ನು ಎತ್ತಿಕೊಂಡು ಮಮದಾಪುರದ ಬಸ್ಸು ಹತ್ತಿದರು. ಕೂಸು ಕಿಟಕಿಯಿಂದ ನನ್ನ ಕಡೆ ಕೈ ಬೀಸಿತು. ವೈನಿ ಆ ಕೈ ಹಿಡಿದು ಒಳಗೆ ಎಳೆದುಕೊಂಡರು.